ಎದುರುಮನೆಯವನ ಇಟಲಿ ಗಾಡಿ

ಸೇವಂತಿಗೆ ಹೂವಿನ ವಾಸನೆಗೆ ಪೆಟ್ರೋಲ್ ವಾಸನೆ ಬೆರೆತರೆ ನಾನು ಮೂಗಿಗೆ ಸೆರಗು ಹಿಡಿಯುತ್ತೇನೆ. ಮೊನ್ನೆ ಆಯುಧಪೂಜೆಯ ದಿನ ಮೆಟ್ರೋ ಸ್ಟೇಷನ್ ಕೆಳಗೆ ಸಾಲಾಗಿ ನಿಂತ ಸ್ಕೂಟರುಗಳಿಗೆಲ್ಲ ಹಾರ ಹಾಕಿದ್ದರು. ದಾಟಿಕೊಂಡು ಬರುವಾಗ ಅದೇ ವಾಸನೆ ಬಂತು. ಎದುರುಮನೆಯವನು ನೆನಪಾದ.

ಎಮರ್ಜೆನ್ಸಿಗೆ ಸ್ವಲ್ಪ ಮುಂಚಿನ ಮಾತು. ಹೊಸಹಳ್ಳಿ ಕಡೆ ಆಗ ಅಲ್ಲೊಂದು ಇಲ್ಲೊಂದು ಮನೆ, ನಡುವೆ ರಾಗಿ ಹೊಲ. ನಾನು ಮನೆಯಲ್ಲೇ ಹೂವು ಕಟ್ಟಿ ಮಾರುತ್ತಿದ್ದೆ. ಎದುರುಮನೆಯಲ್ಲಿ ಅವನು, ಅವನ ತಾಯಿ, ಇಬ್ಬರೇ. ಅವನು ರಾಜಾಜಿನಗರದ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ಅವನಪ್ಪ ಮೈಸೂರು ರಸ್ತೆಯಲ್ಲಿ ಸೈಕಲ್ ಮೇಲೆ ಬರುವಾಗ ಲಾರಿಗೆ ಸಿಕ್ಕಿ ಸತ್ತಿದ್ದ. ಅಂದಿನಿಂದ ಆ ತಾಯಿಗೆ ರಸ್ತೆ ಅಂದರೆ ಯಮ. ಮಗ ಬರುವ ತನಕ ಬಾಗಿಲಲ್ಲೇ ಕೂತಿರುತ್ತಿದ್ದಳು. ನಾನು ಅವಳನ್ನು ದೊಡ್ಡಮ್ಮ ಅನ್ನುತ್ತಿದ್ದೆ.

ಫ್ಯಾಕ್ಟರಿಗೆ ಮಿಷನ್ ಕೂರಿಸಲು ಇಟಲಿಯಿಂದ ಬಂದಿದ್ದವನೊಬ್ಬ ತನ್ನೂರಿಗೆ ಹೋಗುವಾಗ ತನ್ನ ಬೈಕನ್ನು ಇವನಿಗೆ ಕೊಟ್ಟುಹೋದ. ಕೆಂಪು ಬಣ್ಣ. ಬುಲೆಟ್ಟಿನ ಹಾಗೆ ದಪ್ಪ ಇಲ್ಲ. ಬೇಟೆನಾಯಿಯ ಹಾಗೆ ಸಣಕಲು, ಹೊಟ್ಟೆ ಒಳಕ್ಕೆ ಎಳೆದುಕೊಂಡಂತೆ. ಹ್ಯಾಂಡಲ್ ತಗ್ಗಿನಲ್ಲಿತ್ತು, ಓಡಿಸುವವನು ಟ್ಯಾಂಕಿನ ಮೇಲೆ ಬಗ್ಗಿ ಮಲಗಬೇಕು. ಇಂಜಿನ್ನಿಗೆ ಗಾಳಿ ಹೋಗುವ ಕಡೆ ಎಣ್ಣೆ ಹುಯ್ಯುವ ಆಲಿಕೆಯಂಥದ್ದು ಒಂದಿತ್ತು, ಮುಚ್ಚಳವಿಲ್ಲದ್ದು. ನನ್ನ ಗಂಡ ಮೊದಲ ದಿನವೇ ರೇಗಿಸಿದ. “ಏನಪ್ಪಾ, ಆ ಇಟಲಿಯವನು ಇದಕ್ಕೆ ಊಟ ಹಾಕ್ತಿರಲಿಲ್ವಾ? ಹಿಂಗೆ ಬಾಯಿ ಬಿಟ್ಕೊಂಡಿದೆ.”

“ಇದಕ್ಕೆ ಗಾಳೀನೇ ಊಟ ಕಣಣ್ಣ” ಅಂದ ಅವನು.

ಒಂದು ಸಲ ನಾನೂ ಕೂತಿದ್ದೇನೆ. ಮದುವೆ ಮನೆಗೆ ಹೂವು ಕೊಡುವುದಿತ್ತು, ಬಸ್ಸು ಬರಲಿಲ್ಲ, ಕೆಂಗೇರಿಯ ತೋಟಕ್ಕೆ ಹೋಗಲೇಬೇಕಿತ್ತು. ಹಿಂದೆ ಕೂರುವ ಜಾಗ ಒಂದು ಮಣೆಯಷ್ಟೂ ಇರಲಿಲ್ಲ. ಬೀದಿಯವರು ಏನು ಬೇಕಾದರೂ ಅಂದುಕೊಳ್ಳಲಿ ಎಂದು ಹತ್ತಿದೆ. ಮನೆಗಳು ಮುಗಿದ ಮೇಲೆ ಅದರ ಸದ್ದೇ ಬದಲಾಯಿತು, ಹೊಸ ಬಟ್ಟೆ ಹರಿದ ಹಾಗೆ. ತಿರುವು ಬಂದರೆ ಅವನು ಹ್ಯಾಂಡಲ್ ತಿರುಗಿಸುತ್ತಲೇ ಇರಲಿಲ್ಲ. ಸೊಂಟ ಚೂರು ವಾಲಿಸಿದರೆ ಗಾಡಿ ತಾನಾಗಿ ಆ ಕಡೆ ಹೋಗುತ್ತಿತ್ತು. ನಾನು ಹೆದರಿ ಈ ಕಡೆ ವಾಲಿದೆ.

“ಅಕ್ಕಾ, ಅದರ ಜೊತೆ ಜಗಳ ಆಡ್ಬೇಡಿ. ಹೋಗೋ ಕಡೆ ನೋಡಿ ಸಾಕು, ಅದಕ್ಕೆ ಗೊತ್ತಾಗುತ್ತೆ.”

ನೋಡಿದೆ. ಅದಕ್ಕೆ ಗೊತ್ತಾಗುತ್ತಿತ್ತು… ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುವವನು ಅದರ ಮೇಲೆ ಕೂತು ಹಾಡುತ್ತಿದ್ದ.

ಆ ವರ್ಷದ ಆಯುಧಪೂಜೆಗೆ ಹಾರ ನಾನೇ ಕೊಟ್ಟೆ. ನೀರು ಹೋಗದಿರಲೆಂದು ಆ ಆಲಿಕೆಯ ಬಾಯಿಗೆ ಬಟ್ಟೆ ಕಟ್ಟಿ ಗಾಡಿ ತೊಳೆದ. ಆಮೇಲೆ ಬಟ್ಟೆ ಬಿಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಬಗ್ಗಿದ. ದೊಡ್ಡಮ್ಮ ಟ್ಯಾಂಕಿಗೆ ವಿಭೂತಿ, ಕುಂಕುಮ ಇಟ್ಟಳು. ತಟ್ಟೆಯಿಂದ ಒಂದು ಹಿಡಿ ಅಕ್ಷತೆ ತೆಗೆದು, ಮಗುವಿಗೆ ತುತ್ತು ಇಡುವ ಹಾಗೆ ಆ ಬಾಯೊಳಗೆ ಹಾಕಿದಳು. “ಹೊಟ್ಟೆ ತುಂಬಾ ತಿನ್ನಪ್ಪ. ನನ್ ಮಗನ್ನ ಬಿಟ್ಬಿಡು” ಅಂತ ಮೆಲ್ಲಗೆ ಹೇಳಿಕೊಂಡಳು. ನಾನು ಪಕ್ಕದಲ್ಲೇ ಇದ್ದೆ. ನನಗೂ ಅದು ಸರಿಯಾಗಿಯೇ ಕಂಡಿತು. ಇಂಜಿನ್ನಿನ ವಿಷಯ ನಮಗೇನು ಗೊತ್ತು?

ಅವನು ನೋಡಿರಲಿಲ್ಲ. ನಿಂಬೆಹಣ್ಣಿನ ಮೇಲೆ ಹತ್ತಿಸಲು ಒದ್ದು ಸ್ಟಾರ್ಟ್ ಮಾಡಿ ಜೋರಾಗಿ ರೈಸ್ ಮಾಡಿದ. ಗಾಡಿ ಒಂದು ಕೂಗು ಕೂಗಿತು, ಒಳಗೆ ಏನೋ ಕಟಕಟ ಅಗಿದಂತಾಯಿತು, ನಿಂತೇ ಹೋಯಿತು.

“ಏನಾಯ್ತೋ?” ಅಂದಳು ತಾಯಿ.

ಅವನು ಆ ಬಾಯಿಗೆ ಬೆರಳಿಟ್ಟು ನೋಡಿದ. ಬೆರಳಿಗೆ ಹಳದಿ ಅಕ್ಕಿ ಅಂಟಿತ್ತು. ಅದನ್ನು ಪ್ಯಾಂಟಿಗೆ ಒರೆಸಿಕೊಂಡು, “ಪೆಟ್ರೋಲ್ ಖಾಲಿ ಕಣಮ್ಮ” ಅಂದ. ನಿಂಬೆಹಣ್ಣಿನ ಮೇಲೆ ತಳ್ಳಿಕೊಂಡೇ ದಾಟಿಸಿದ.

ಮರುದಿನ ದೊಡ್ಡಮ್ಮ ಗುಡಿಗೆ ಹೋಗಿದ್ದಾಗ ಇಂಜಿನ್ ಬಿಚ್ಚಿ ಕೂತಿದ್ದ. ಒಳಗೆ ಗಾಳಿ ಬಿಡುವ ವಾಲ್ವ್ ಅನ್ನುವುದನ್ನು ನನಗೆ ತೋರಿಸಿದ. ಅಕ್ಕಿ ಸಿಕ್ಕಿಕೊಂಡು ಅದರ ಕಾಂಡ ಬಗ್ಗಿಹೋಗಿತ್ತು.

“ಅಮ್ಮನಿಗೆ ಹೇಳ್ಬೇಡಿ ಅಕ್ಕ.”

“ಯಾಕೋ? ಎರಡು ಮಾತು ಬೈದು ಮುಗಿಸು.”

“ಏನಂತ ಬೈಲಿ? ನಂಗೆ ತಿನ್ನಿಸೋ ಥರಾನೇ ತಿನ್ಸಿದಾಳೆ.”

ಆ ಸಾಮಾನು ಈ ದೇಶದಲ್ಲಿ ಸಿಗುತ್ತಿರಲಿಲ್ಲ. ಇಟಲಿಯಿಂದ ತರಿಸಬೇಕಾದರೆ ಲೈಸೆನ್ಸು, ಪರ್ಮಿಟ್ಟು. ಒಬ್ಬ ಫಿಟ್ಟರ್‌ಗೆ ಅದನ್ನೆಲ್ಲ ಯಾರು ಕೊಡುತ್ತಾರೆ? ಬೇರೆ ಗಾಡಿಯ ವಾಲ್ವ್ ತಂದು ಲೇತ್‌ನಲ್ಲಿ ಸವೆಸಿ ತಾನೇ ಒಂದು ಮಾಡಿ ಕೂರಿಸಿದ. ಕೆಂಗೇರಿ ತನಕ ಓಡಿತು. ಅಲ್ಲಿ ಆ ವಾಲ್ವಿನ ತಲೆ ಮುರಿದು ಒಳಗೆ ಬಿದ್ದು ಪಿಸ್ಟನ್ನಿಗೇ ತೂತಾಯಿತು. ಬಿಸಿಲಿನಲ್ಲಿ ಅಷ್ಟು ದೂರದಿಂದ ತಳ್ಳಿಕೊಂಡು ಬಂದ. ನಾನು ಕೊಟ್ಟ ನೀರು ಕುಡಿಯಲಿಲ್ಲ, ತಲೆಗೆ ಸುರಿದುಕೊಂಡ.

ಅಲ್ಲಿಂದ ಬಸ್ಸಿನಲ್ಲಿ ಓಡಾಡಿದ. ದೊಡ್ಡಮ್ಮನಿಗೆ ಮೊದಲು ಖುಷಿಯಾಯಿತು. ಆಮೇಲೆ ಮಗ ಮಾತು ಬಿಟ್ಟ, ಊಟ ಅರ್ಧಕ್ಕೆ ಬಿಟ್ಟ. ಆಗ ಅವಳೇ ಶುರು ಮಾಡಿದಳು.

“ನನ್ ಭಯಕ್ಕೆ ನಿಲ್ಲಿಸ್ಬೇಡ ಕಣೋ. ಅದಕ್ಕೆ ಹೊಟ್ಟೆಗೆ ಹಾಕಿದೀನಿ, ನಿನ್ನ ಏನೂ ಮಾಡಲ್ಲ. ಹತ್ತು, ಹೋಗ್ಬಾ.”

“ನಂಗೇ ಬೇಜಾರಾಗಿದೆ ಬಿಡಮ್ಮ.”

“ಸುಳ್ಳು ಬೊಗಳ್ಬೇಡ. ನೀನು ಹೇಳೇ” ಅಂತ ನನ್ನ ಕಡೆ ತಿರುಗಿದಳು. ಅವನೂ ನನ್ನನ್ನೇ ನೋಡಿದ. ನಾನು ನಾರು ಬಿಡಿಸುತ್ತಾ ಕೂತೆ.

ಮುಂದಿನ ಆಯುಧಪೂಜೆಗೆ ಗಾಡಿ ತೊಳೆದು ನಿಲ್ಲಿಸಿದ. ಅವಳು ಮತ್ತೆ ಅಕ್ಷತೆ ಹಿಡಿದು ಬಂದಳು. ಈ ಸಲ ಅವನು ನೋಡುತ್ತಲೇ ಇದ್ದ. ಅವಳ ಕೈ ಗುರಿ ತಪ್ಪಿ ಒಂದಷ್ಟು ಅಕ್ಕಿ ಕೆಳಗೆ ಚೆಲ್ಲಿತು. ಅವನೇ ಆ ಕೈ ಹಿಡಿದು ಬಾಯಿಯ ಹತ್ತಿರ ತಂದ. ಮಿಕ್ಕ ಕಾಳೆಲ್ಲ ಒಳಗೆ ಬಿತ್ತು. ಅವಳು ಸಾಯುವ ತನಕ ಪ್ರತಿ ವರ್ಷ ಹೀಗೇ ನಡೆಯಿತು…

ಅವಳ ತಿಥಿ ಮುಗಿದ ಮೇಲೆ ಗಾಡಿಯನ್ನು ಗುಜರಿಯವನು ಎತ್ತಿಕೊಂಡು ಹೋದ. ಇನ್ನಾದರೂ ರಿಪೇರಿ ಮಾಡಿಸಬಾರದಿತ್ತಾ ಅಂತ ಕೇಳಿದೆ. “ಈಗ ಬಾಗಿಲಲ್ಲಿ ಕಾಯೋರು ಯಾರಿದಾರೆ ಅಕ್ಕ” ಅಂದ.

ಅವನೂ ಹೋಗಿ ಬಹಳ ವರ್ಷವಾಯಿತು. ಆ ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿದ್ದಾರೆ. ಅವನ ಮುಖ ಈಗ ನನಗೆ ಸರಿಯಾಗಿ ನೆನಪಿಗೂ ಬರುವುದಿಲ್ಲ. ಹೇಳಿಬಿಟ್ಟಿದ್ದರೆ ಆ ಮುದುಕಿ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದಳು ಅಂತ ನನಗನ್ನಿಸುತ್ತದೆ. ಅವನಿಗೆ ಹಾಗನ್ನಿಸಲಿಲ್ಲ. ಅವನ ತಾಯಿ, ಅವನ ಗಾಡಿ. ನಾನೇನು ಮಾಡಲಿ.