ಒಲೆಯನ್ನೇ ಕಾಣದ ತಪ್ಪಲೆ

1958ರಲ್ಲಿ ನಾನು ಮಧುಗಿರಿಯಲ್ಲಿ ವಕೀಲನಾಗಿದ್ದೆ. ಸನದು ಪಡೆದು ಮೂರು ವರ್ಷವಾಗಿತ್ತು. ಅಲ್ಲಿಯವರೆಗೆ ನಡೆಸಿದ್ದು ಬದುವಿನ ತಕರಾರು, ಬಾವಿಯ ಪಾಲಿನ ವ್ಯಾಜ್ಯ, ಕೊರಟಗೆರೆ ಕಡೆಯ ಒಂದೆರಡು ಹೊಡೆದಾಟದ ಮೊಕದ್ದಮೆ, ಅಷ್ಟೇ. ಆ ವರ್ಷದ ಕೊನೆಗೆ ಒಂದು ಕೊಲೆ ಕೇಸು ಬಂತು. ಆರೋಪಿಗೆ ವಕೀಲರನ್ನಿಟ್ಟುಕೊಳ್ಳುವ ಶಕ್ತಿ ಇರಲಿಲ್ಲವಾದ್ದರಿಂದ ಸೆಷನ್ಸ್ ಕೋರ್ಟು ಆತನ ಪರವಾಗಿ ನನ್ನನ್ನು ನೇಮಿಸಿತು. ನಾನು ಹಿಗ್ಗಿದೆ. ಆ ಹಿಗ್ಗನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆರೋಪಿ ಪೀರ್‌ಸಾಬ್, ಶಿರಾದವರು. ಹಳ್ಳಿಹಳ್ಳಿ ತಿರುಗಿ ಹಿತ್ತಾಳೆ, ತಾಮ್ರದ ಪಾತ್ರೆಗಳ ಒಳಗೆ ತವರ ಬಳಿದು ಕಲಾಯಿ ಹಾಕುವುದು ಆತನ ಕಸುಬು. ಸಣ್ಣ ಕೆಲಸವಾದರೆ ಊರಿನಲ್ಲೇ ಕುಳಿ ತೋಡಿ, ಬೆಂಕಿ ಮಾಡಿ ಮುಗಿಸಿಕೊಡುತ್ತಿದ್ದರು. ತಳ ತೂತಾದ ಪಾತ್ರೆಗಳನ್ನು ಮಾತ್ರ ಮನೆಗೆ ಒಯ್ದು, ಹೊಸ ತಳ ಬೆಸೆದು, ಮುಂದಿನ ಸಲ ಬಂದಾಗ ಹಿಂತಿರುಗಿಸುತ್ತಿದ್ದರು.

ಕೊಲೆಯಾದವಳು ಮಿಡಿಗೇಶಿಯಾಚೆಯ ಒಂದು ಹಳ್ಳಿಯಲ್ಲಿ ಒಬ್ಬಳೇ ವಾಸವಿದ್ದ ಗಂಗಮ್ಮ ಎಂಬ ಮುದುಕಿ. ಮಂಗಳವಾರ ಬೆಳಿಗ್ಗೆ ಆಕೆ ಅಡುಗೆಮನೆಯಲ್ಲಿ ಸತ್ತು ಬಿದ್ದಿದ್ದಳು. ಕುತ್ತಿಗೆ ಹಿಸುಕಿದ ಗುರುತಿತ್ತು. ಹಿಂದಿನ ದಿನ ಮಧ್ಯಾಹ್ನ ಪೀರ್‌ಸಾಬ್ ಆಕೆಯ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದುದನ್ನು ಊರವರು ಕಂಡಿದ್ದರು. ಪೊಲೀಸರು ಅದೇ ಮಂಗಳವಾರ ಮಧ್ಯಾಹ್ನ ಶಿರಾಕ್ಕೆ ಹೋದರು. ಆತನ ಮನೆಯಲ್ಲಿ, ಅಂಚಿನ ಮೇಲೆ ಗಂಗಮ್ಮನ ಹೆಸರು ಕೊರೆದ ಹಿತ್ತಾಳೆ ತಪ್ಪಲೆ ಸಿಕ್ಕಿತು.

ಕೊಲೆಯನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಇಂಥ ಕೇಸುಗಳಲ್ಲಿ ಸುತ್ತಲಿನ ಸಂಗತಿಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಅಪರಾಧ ಸಾಬೀತುಪಡಿಸುತ್ತಾರೆ. ಅದಕ್ಕೆ ಸಾಂದರ್ಭಿಕ ಸಾಕ್ಷ್ಯ ಎನ್ನುತ್ತೇವೆ. ಇಲ್ಲಿ ಕೊಂಡಿಗಳು ಮೂರು. ಆತ ಆ ಮನೆಯಲ್ಲಿ ಕಾಣಿಸಿಕೊಂಡದ್ದು ಒಂದು. ತಪ್ಪಲೆ ಆತನ ಬಳಿ ಸಿಕ್ಕಿದ್ದು ಇನ್ನೊಂದು. ಸೋಮವಾರ ಸಂಜೆ ಆ ತಪ್ಪಲೆ ಗಂಗಮ್ಮನ ಒಲೆಯ ಮೇಲೇ ಇತ್ತು, ಅದರಲ್ಲಿ ಸಾರು ಕಾಯುತ್ತಿತ್ತು ಎಂದು ಪಕ್ಕದ ಮನೆಯವನು ಹೇಳಿದ್ದು ಮೂರನೆಯದು. ಇವೆಲ್ಲದರ ಮೇಲೆ, ಮ್ಯಾಜಿಸ್ಟ್ರೇಟರ ಮುಂದೆ ಪೀರ್‌ಸಾಬ್ ಕೊಟ್ಟ ತಪ್ಪೊಪ್ಪಿಗೆ ಇತ್ತು. ಸಂಜೆ ಕೊಂದು, ತಪ್ಪಲೆ ಹೊತ್ತುಕೊಂಡು ಹೋಗಿ ಮನೆಯಲ್ಲಿ ಬಚ್ಚಿಟ್ಟೆ ಎಂದು ಅದರಲ್ಲಿ ಬರೆದಿತ್ತು.

ಜೈಲಿನಲ್ಲಿ ಮೊದಲ ಸಲ ಭೇಟಿಯಾದಾಗ ಆತ ಬಲಗೈ ಮೇಲೆತ್ತಲಾರದೆ ಕೂತಿದ್ದರು. ಮಂಗಳವಾರವೇ ಹಿಡಿದೊಯ್ದು ಒಂಬತ್ತು ದಿನ ಠಾಣೆಯಲ್ಲಿಟ್ಟುಕೊಂಡಿದ್ದರು. ದಸ್ತಗಿರಿ ಎಂದು ಕಾಗದದಲ್ಲಿ ತೋರಿಸಿದ್ದು ಮಾತ್ರ ಎಂಟನೆಯ ದಿನ. ಹೊಡೆದದ್ದನ್ನು ಮ್ಯಾಜಿಸ್ಟ್ರೇಟರ ಮುಂದೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೊಡೆದ ಪೋಲೀಸಪ್ಪನೇ ಬಾಗ್ಲಾಗೆ ನಿಂತಿದ್ದ ಸ್ವಾಮಿ. ಇವತ್ತು ಒಪ್ಕೊಳ್ದಿದ್ರೆ ತಿರುಗಾ ನನ್ನ ಕೈಗೇ ಬತ್ತೀಯಾ ಅಂದಿದ್ದ,” ಎಂದರು.

ನನಗೆ ಅಷ್ಟು ಸಾಕಾಯಿತು. ತಪ್ಪಲೆ ಹೇಗೆ ಬಂತೆಂದು ಕೇಳಲೇ ಇಲ್ಲ, ಕೋರ್ಟಿನಲ್ಲೂ ಅದರ ಮಾತೆತ್ತಬೇಡಿ ಎಂದೆ. ಆತ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಹಿಂತೆಗೆದುಕೊಂಡರು, ನಾನು ಕಾನೂನಿನ ಪುಸ್ತಕಗಳಲ್ಲಿ ಮುಳುಗಿದೆ. ವಿಚಾರಣೆಯುದ್ದಕ್ಕೂ ಒತ್ತಡದಿಂದ ಪಡೆದ ಹೇಳಿಕೆಗೆ ಬೆಲೆಯಿಲ್ಲ ಎಂಬುದೊಂದನ್ನೇ ವಾದಿಸಿದೆ. ‘ಸದರಿ ಮೃತಳ ಕಂಠವನ್ನು ಬಲವಾಗಿ ಅದುಮಿ’ ಎಂಬಂಥ ಭಾಷೆ ಈ ಮನುಷ್ಯನ ಬಾಯಲ್ಲಿ ಬರುವುದುಂಟೇ ಎಂದೂ ಕೇಳಿದೆ. ತಪ್ಪಲೆ ಬಟ್ಟೆಯಲ್ಲಿ ಸುತ್ತಿ, ಅರಗಿನ ಮೊಹರು ಒತ್ತಿ, ಮುದ್ದೇಮಾಲಾಗಿ, ಎಂದರೆ ಕೇಸಿನ ಸಾಕ್ಷ್ಯವಸ್ತುವಾಗಿ, ಮೇಜಿನ ಮೇಲೇ ಇತ್ತು. ಸಾಕ್ಷಿ ಗುರುತಿಸುವಾಗ ಅಂಚಿನ ಹೆಸರು ಕಾಣುವಷ್ಟು ಬಟ್ಟೆ ಸರಿಸಿದರು, ಮತ್ತೆ ಮುಚ್ಚಿದರು. ನಾನು ಅದನ್ನು ಮುಟ್ಟಿಯೂ ನೋಡಲಿಲ್ಲ.

1959ರಲ್ಲಿ ತೀರ್ಪು ಬಂತು. ತಪ್ಪೊಪ್ಪಿಗೆ ಸ್ವಇಚ್ಛೆಯದು, ಸಂಗತಿಗಳು ಅದಕ್ಕೆ ಪೂರಕವಾಗಿವೆ, ಜೀವಾವಧಿ ಶಿಕ್ಷೆ. ಪೀರ್‌ಸಾಬ್ ನನ್ನ ಕಡೆ ನೋಡಲೂ ಇಲ್ಲ.

ಹದಿನೈದು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಕೋರ್ಟಿಗೆ ಹೊರಟು ಬಾಗಿಲು ದಾಟುವಾಗ ಒಬ್ಬ ಹೆಂಗಸು ಎದುರು ಬಂದು ನಿಂತಳು. ಪೀರ್‌ಸಾಬರ ಹೆಂಡತಿ ಮೆಹಬೂಬ್‌ಬಿ. ಶಿರಾದಿಂದ ಮೊದಲ ಬಸ್ಸಿಗೆ ಬಂದಿದ್ದಳು. ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದಳು. ಹೈಕೋರ್ಟಿಗೆ ಅಪೀಲು ಹಾಕಬೇಕೆಂದು ಕೇಳಿದಳು. ಹಾಕೋಣ, ಆದರೆ ತಪ್ಪಲೆ ನಿಮ್ಮ ಮನೆಯಲ್ಲಿ ಸಿಕ್ಕಿಬಿಟ್ಟಿದೆಯಲ್ಲಮ್ಮ ಎಂದೆ.

“ನಮ್ಮನೇಲಿ ಇರ್ದೆ ಇನ್ನೆಲ್ಲಿರ್ತದೆ ವಕೀಲ್ ಸಾಬ್? ಅದ್ಕೆ ತಳ ಹೋಗಿತ್ತು. ಹೊಸಾ ತಳ ಹಾಕಿ ಭಾನುವಾರ ಕಲಾಯಿ ಮಾಡಿದ್ವಿ. ಬೆಂಕಿಗೆ ತಿದಿ ಒತ್ತಿದ್ದು ನಾನೇ. ಸೋಮವಾರ ಹೊರೆ ಜಾಸ್ತಿ ಅಂತ ಇದ್ನ ಬಿಟ್ಟು ಹೋದ್ರು. ಮುಂದಿನ ವಾರ ತರ್ತೀನಿ ಅಂತ ಹೇಳಕ್ಕೆ ಆಯಮ್ಮನ ಮನೇಗೆ ಹೋಗಿದ್ದೇ ತಪ್ಪಾಗೋಯ್ತು. ನೀವು ಒಳ್ಗೆ ನೋಡ್ಲಿಲ್ವಾ?”

ಅವತ್ತು ಕೋರ್ಟಿಗೆ ಹೋದವನೇ ತಪ್ಪಲೆ ನೋಡಲು ಅರ್ಜಿ ಹಾಕಿದೆ.

ಕೋರ್ಟಿನ ಅನುಮತಿ ಪಡೆದು, ಅಧಿಕಾರಿಯ ಎದುರಿನಲ್ಲಿ ಬಟ್ಟೆ ಬಿಚ್ಚಿಸಿ ನೋಡಿದೆ. ಒಳಗೆಲ್ಲ ಬೆಳ್ಳಿಯಂಥ ಕಲಾಯಿ, ಎಲ್ಲೂ ಒಂದು ಗೀರಿರಲಿಲ್ಲ. ಹೊರಗೆ ತಳದ ಬೆಸುಗೆ ಹೊಚ್ಚಹೊಸದು. ತಳಕ್ಕೆ ಮಸಿಯ ಸೋಂಕೇ ಇರಲಿಲ್ಲ. ಹೊಸ ತಳ ಕಂಡ ಮೇಲೆ ಆ ಪಾತ್ರೆ ಒಲೆಯನ್ನು ಕಂಡೇ ಇರಲಿಲ್ಲ. ಹಾಗಾದರೆ ಸೋಮವಾರ ಸಂಜೆ ಅದರಲ್ಲಿ ಸಾರು ಕಾಯಿಸಿದ್ದು ಯಾರು? ಪಕ್ಕದ ಮನೆಯವನ ಸಾಕ್ಷಿ ಸುಳ್ಳಾಗಿತ್ತು. ಸಂಜೆ ತಪ್ಪಲೆ ಹೊತ್ತುಕೊಂಡು ಹೋದೆ ಎಂಬ ತಪ್ಪೊಪ್ಪಿಗೆಯೂ ಅದರ ಜೊತೆಗೇ ಸುಳ್ಳಾಯಿತು.

ಅಪೀಲು ಹೈಕೋರ್ಟಿನಲ್ಲಿ ವಿಚಾರಣೆಗೆ ಬರಲು ಒಂದೂವರೆ ವರ್ಷ ಹಿಡಿಯಿತು. ಇಬ್ಬರು ನ್ಯಾಯಮೂರ್ತಿಗಳು ತಪ್ಪಲೆಯನ್ನು ತರಿಸಿ, ತಿರುಗಿಸಿ, ಮತ್ತೆ ಮತ್ತೆ ನೋಡಿದರು. ಆದರೆ ಬೆಸುಗೆಗೆ ಎಷ್ಟು ಹೊತ್ತು ಬೇಕು, ಯಾವಾಗ ಮಾಡಿದ್ದು ಎಂಬುದಕ್ಕೆ ದಾಖಲೆಯಲ್ಲಿ ಒಂದಕ್ಷರವೂ ಇರಲಿಲ್ಲ. ಕೆಳಗಿನ ಕೋರ್ಟಿನಲ್ಲಿ ಆರೋಪಿಯ ವಕೀಲರು ಈ ಪ್ರಶ್ನೆಯನ್ನು ಯಾಕೆ ಎತ್ತಲಿಲ್ಲ ಎಂದು ಹಿರಿಯ ನ್ಯಾಯಮೂರ್ತಿಗಳು ಕೇಳಿದರು. ಆ ವಕೀಲ ನಾನೇ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಹೆಚ್ಚಿನ ಸಾಕ್ಷ್ಯ ದಾಖಲಿಸಿ ಕಳಿಸುವಂತೆ ಸೆಷನ್ಸ್ ಕೋರ್ಟಿಗೆ ಆದೇಶವಾಯಿತು.

ಶಿರಾದ ಇನ್ನೊಬ್ಬ ಕಸುಬುದಾರರು ಬಂದು, ಇಂಥ ತಳ ಬೆಸೆದು ಕಲಾಯಿ ಮುಗಿಸಲು ಒಂದು ಇಡೀ ದಿನ ಬೇಕು ಎಂದು ಹೇಳಿದರು. ಆಮೇಲೆ ಮೆಹಬೂಬ್‌ಬಿ ಕಟಕಟೆ ಹತ್ತಿದಳು. ಆ ವೇಳೆಗೆ ಕ್ಷಯ ಆಕೆಯನ್ನು ತಿಂದುಹಾಕಿತ್ತು. ನಿಲ್ಲಲಾರದೆ ಕಟಕಟೆಯ ಮರ ಹಿಡಿದುಕೊಂಡೇ ಮಾತಾಡಿದಳು. ಗಂಡನನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀ ಎಂದು ಸರ್ಕಾರಿ ವಕೀಲರು ಗದರಿದರು.

“ಸುಳ್ಳು ಹೇಳೋದಾಗಿದ್ರೆ ನಮ್ಮೋರು ಅವತ್ತು ಆ ಊರಿಗೇ ಹೋಗಿಲ್ಲ ಅಂತಿದ್ದೆ ಸ್ವಾಮಿ,” ಎಂದಳು. “ಹೋಗಿದ್ದೂ ನಿಜ. ತಪ್ಪಲೆ ಮನೇಲಿದ್ದಿದ್ದೂ ನಿಜ.”

ಹೇಳಿಕೆಗಳು ದಾಖಲಾಗಿ ಹೈಕೋರ್ಟಿಗೆ ಹೋದವು.

1961ರಲ್ಲಿ ಹೈಕೋರ್ಟು ಪೀರ್‌ಸಾಬರನ್ನು ಖುಲಾಸೆ ಮಾಡಿತು. ಮೆಹಬೂಬ್‌ಬಿ ಅದಕ್ಕೆ ಎರಡು ತಿಂಗಳ ಹಿಂದೆಯೇ ತೀರಿಕೊಂಡಿದ್ದಳು. ಆ ಸಾವಿನ ಸುದ್ದಿಯನ್ನು ಜೈಲಿಗೆ ಕಾಗದ ಬರೆದು ತಿಳಿಸಿದವನು ನಾನೇ. ಗಂಗಮ್ಮನನ್ನು ಕೊಂದವರು ಯಾರೆಂದು ಮತ್ತೆ ಯಾರೂ ಹುಡುಕಲಿಲ್ಲ. ಸುಳ್ಳು ಸಾಕ್ಷಿ ಹೇಳಿದವನ ಮೇಲೆ ಕ್ರಮ ಆಗಬೇಕೆಂದು ನಾನು ಬರೆದುಕೊಂಡ ಅರ್ಜಿಗೆ ಉತ್ತರವೇ ಬರಲಿಲ್ಲ. ಆ ಠಾಣೆಯ ಅಧಿಕಾರಿ ಬಡ್ತಿ ಪಡೆದು ಬೇರೆ ಜಿಲ್ಲೆಗೆ ಹೋದ ಎಂದು ಆಮೇಲೆ ಕೇಳಿದೆ.

ಬಿಡುಗಡೆಯಾದ ವಾರಕ್ಕೆ ಪೀರ್‌ಸಾಬ್ ನನ್ನ ಕಚೇರಿಗೆ ಬಂದರು. ಬಲಗೈ ಇನ್ನೂ ಸರಿಯಾಗಿ ಏಳುತ್ತಿರಲಿಲ್ಲ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಳ್ಳಿಗಳ ಕಡೆ ಹೋದರೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಾರೆಂದೂ, ಪಾವಗಡದಲ್ಲಿರುವ ತಂಗಿಯ ಮನೆಗೆ ಹೋಗುತ್ತಿದ್ದೇನೆಂದೂ ಹೇಳಿದರು. ನಿಮ್ಮ ಹೆಂಡತಿ ಅವತ್ತು ಬಂದು ಆ ಮಾತು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ, ಆಕೆಯೇ ನಿಮ್ಮನ್ನು ಉಳಿಸಿದ್ದು ಎಂದೆ. ಸಮಾಧಾನ ಹೇಳುತ್ತಿದ್ದೇನೆಂದು ನಾನು ಅಂದುಕೊಂಡಿದ್ದೆ.

ಆತ, “ಅವ್ಳು ಮುಂಚೇನೂ ಬಂದಿದ್ಲು ಸ್ವಾಮಿ,” ಎಂದರು. “ಕೇಸು ನಡೀವಾಗ ಮೂರು ಸಲ ಬಂದಿದ್ಲು. ಹೆಂಡ್ತಿ ಮಾತು ಕೋಲ್ಟಾಗೆ ನಡೆಯಕ್ಕಿಲ್ಲ, ವಕೀಲ್ರಿಗೆ ಪುರುಸೊತ್ತಿಲ್ಲ ಅಂತ ನಿಮ್ ಗುಮಾಸ್ತ್ರು ಹೇಳಿ ಕಳಿಸ್ಬುಟ್ರಂತೆ.”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳಿ, ಕೈ ಮುಗಿದು ಹೊರಟುಹೋದರು. ಗುಮಾಸ್ತರನ್ನು ಕರೆದು ಬೈಯುವ ಯೋಗ್ಯತೆ ನನಗಿರಲಿಲ್ಲ. ಅವರು ಆಡಿದ್ದು ನಾನೇ ಹೇಳಿಕೊಟ್ಟ ಮಾತು.

ಆಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವಕೀಲಿಕೆ ಮಾಡಿದೆ. ಕೇಸು ಕೈಗೆ ಬಂದರೆ ಮೊದಲು ಆರೋಪಿಯ ಮನೆಯವರನ್ನು ಕೂರಿಸಿಕೊಂಡು, ಆತ ದಿನವೂ ಮಾಡುವ ಕೆಲಸ ಎಂಥದು ಎಂದು ಕೇಳುತ್ತಿದ್ದೆ. ಕಾನೂನಿನ ಪುಸ್ತಕ ತೆಗೆಯುತ್ತಿದ್ದುದು ಅದಾದ ಮೇಲೆ. ಇದರಿಂದ ಹಲವರಿಗೆ ಉಪಕಾರವಾಗಿದೆ ಎಂದು ಬೇರೆಯವರು ಹೇಳುತ್ತಾರೆ. ಆದರೆ ಈ ಪಾಠ ಕಲಿಯಲು ಒಬ್ಬ ಮನುಷ್ಯ ಮೂರು ವರ್ಷ ಜೈಲಿನಲ್ಲಿರಬೇಕಾಯಿತು. ಆತನ ಹೆಂಡತಿ ಗಂಡನ ಬಿಡುಗಡೆ ಕಾಣದೆ ಸಾಯಬೇಕಾಯಿತು. ಹೈಕೋರ್ಟಿನ ಆ ತೀರ್ಪಿನ ಕೊನೆಯ ಪುಟದಲ್ಲಿ, ಆರೋಪಿಯ ಪರ ವಕೀಲರು ಬಹಳ ಶ್ರಮವಹಿಸಿ ವಾದ ಮಂಡಿಸಿದ್ದಾರೆ ಎಂದು ನನ್ನನ್ನು ಮೆಚ್ಚಿದ ಒಂದು ಸಾಲಿದೆ. ಅದನ್ನು ನಾನು ಯಾರಿಗೂ ತೋರಿಸಿಲ್ಲ.