‘ಏನೂ ಆಗಂಗಿಲ್ಲ’ ಅನ್ನದ ಶಾಂತಕ್ಕ

ಬೆಳಗಿನ ಆರು ಗಂಟೆ. ಕಾನಹೊಸಹಳ್ಳಿಯಲ್ಲಿ ಮೊದಲ ಚಹಾ ಕುದಿಯುವ ಹೊತ್ತಿಗೆ ಶಾಂತಕುಮಾರಿ ಲಸಿಕೆ ಡಬ್ಬಿ ತೆರೆದು ಐಸ್ ಪ್ಯಾಕ್ ಮುಟ್ಟಿ ನೋಡುತ್ತಿದ್ದಾರೆ. ಇಪ್ಪತ್ಮೂರು ವರ್ಷದಿಂದ ಆರೋಗ್ಯ ಸಹಾಯಕಿ. ಐದು ಹಳ್ಳಿ, ಒಂದು ಹಳೆಯ ಸ್ಕೂಟಿ, ಇವತ್ತಿನ ಪಟ್ಟಿಯಲ್ಲಿ ಮೂವತ್ತೆರಡು ಮಕ್ಕಳು. ಅವರಲ್ಲಿ ಹತ್ತು ವರ್ಷದ ಅಸ್ಫಿಯಾ ಧನುರ್ವಾಯು ಲಸಿಕೆಗೆ ಬರುತ್ತಾಳೋ ಇಲ್ಲವೋ ಎಂಬುದೇ ಶಾಂತಕುಮಾರಿಯವರ ಚಿಂತೆ.

ಅಸ್ಫಿಯಾಳ ತಂದೆ ದಾದಾಪೀರ್ ವೆಲ್ಡರ್. ಹಿಂದೆ ಕೊರೊನಾ ಲಸಿಕೆ ಹಾಕಿಸಿಕೊಂಡ ಐದನೇ ದಿನ ಅವರ ಬಲಗಣ್ಣು ಕೆಂಡದಂತಾಯಿತು. ವೆಲ್ಡಿಂಗ್ ಬೆಳಕು ಬಡಿದಿದೆ ಎಂದು ಓಣಿಯೆಲ್ಲ ತೀರ್ಪು ಕೊಟ್ಟಿತು. ದಾದಾಪೀರ್ ಅವರ ತಾಯಿ ಸೈದಾ ಬೀ ಕಣ್ಣಿಗೆ ಆಲೂಗಡ್ಡೆ ಹೋಳು ಕಟ್ಟಿದರು. ಆದರೆ ಜ್ವರ ಬಂದು ಮಲಗಿದ್ದ ಮನುಷ್ಯ ಐದು ದಿನದಿಂದ ಅಂಗಡಿಯ ಬಾಗಿಲನ್ನೇ ತೆರೆದಿಲ್ಲವಲ್ಲ! ಅದು ಹೊಳೆದದ್ದು ಶಾಂತಕುಮಾರಿಗೆ ಮಾತ್ರ.

“ಗೀಜು ಇಲ್ಲ, ಬೆಳಕ ನೋಡಿದ್ರ ಚುಚ್ಚತೈತಿ ಅಂದ. ಇದು ಬ್ಯಾರೆನ ಐತಿ ಅನಿಸ್ತು. ಬಸ್ ಹತ್ತಿಸಿ ಕಣ್ಣಿನ ಡಾಕ್ಟ್ರ ಹತ್ರ ಕರಕೊಂಡು ಹೋದೆ.”

ಡಾಕ್ಟರು ಕಣ್ಣು ನೋಡಿ, ಬೆಳಿಗ್ಗೆ ಏಳುವಾಗ ಸೊಂಟ ಹಿಡಿಯುತ್ತದೆಯೇ ಎಂದು ಕೇಳಿದರು. ಹಿಡಿಯುತ್ತಿತ್ತು, ಸೋದರಮಾವನಿಗೂ. ಕಣ್ಣಿನೊಳಗೆ ಉರಿಯೂತ, ವಂಶದಿಂದ ಬಂದ ಗುಣವೊಂದು ಕೆಲವರಲ್ಲಿ ಸೊಂಟದ ನೋವಿಗೂ ಇದಕ್ಕೂ ದಾರಿ ಮಾಡಿಕೊಡುತ್ತದೆ, ಲಸಿಕೆ ಅದನ್ನು ಕೆಣಕಿರಲೂಬಹುದು, ಖಚಿತವಾಗಿ ಹೇಳಲಾಗದು ಎಂದರು. ಹೀಗಾಗುವುದು ಅಪರೂಪ, ಆದರೆ ತಡಮಾಡಿದ್ದರೆ ದೃಷ್ಟಿಗೇ ಕುತ್ತು. ಹನಿಮದ್ದಿನಿಂದ ಕಣ್ಣು ಉಳಿಯಿತು. ಶಾಂತಕುಮಾರಿ ಏನನ್ನೂ ಮುಚ್ಚಿಡದೆ ಮೇಲಿನವರಿಗೆ ವರದಿ ಬರೆದರು. ಸುಮ್ಮನಿರಬಾರದಿತ್ತೇ ಎಂದವರೂ ಇದ್ದರು.

ಇವತ್ತು ಅಂಗನವಾಡಿಯ ಬಾಗಿಲಿಗೆ ದಾದಾಪೀರ್ ಬಂದಿದ್ದಾರೆ. ಹಿಡಿದ ಮಗಳ ಕೈ ಬಿಡುತ್ತಿಲ್ಲ.

“ನನ್ನ ರಕ್ತನ ಅಕಿ ಮೈಯಾಗ ಹರೀತೈತಲ್ರಿ ಅಕ್ಕಾರ. ಅಕಿಗೂ ಹಂಗಾದ್ರ?”

“ಆಗಂಗಿಲ್ಲ ಅಂತ ಬರಕೊಡಾಕ ನನಗ ಬರಂಗಿಲ್ಲ ತಮ್ಮಾ. ಡಾಕ್ಟ್ರನ್ನ ಕೇಳೀನಿ, ಹಾಕಿಸ್ರಿ ಅಂದಾರ. ಧನುರ್ವಾಯು ಬಂದ್ರ ಹನಿಮದ್ದಿಗೆ ನಿಲ್ಲಂಗಿಲ್ಲ. ಕಣ್ಣು ಕೆಂಪಾದ್ರ ಮೊದಲು ನನಗ ಫೋನ್ ಮಾಡ್ರಿ.”

ದಾದಾಪೀರ್ ಹಿಡಿದ ಕೈ ಬಿಟ್ಟು ಮಗಳ ಅಂಗಿಯ ತೋಳು ಮೇಲೆ ಸರಿಸುತ್ತಾರೆ. “ಏನೂ ಆಗಂಗಿಲ್ಲ ಅಂದಿದ್ರ ತಿರುಗಿ ಕರಕೊಂಡು ಹೋಗ್ತಿದ್ದೆ ನೋಡ್ರಿ.”

ಸೂಜಿ ಚುಚ್ಚಿ ಮುಗಿಯುತ್ತದೆ. ಇಂಥವರನ್ನು ಕಂಡಾಗ ನಿಜಕ್ಕೂ ಹೆಮ್ಮೆಯಾಗುತ್ತದೆ. ಹಾಗೆಂದರೆ ಶಾಂತಕುಮಾರಿ ಕೈಬೀಸಿ ಆ ಮಾತನ್ನು ತಳ್ಳಿಹಾಕುತ್ತಾರೆ.

“ನಾ ಹಾಕಿದ ಸೂಜಿ ನನ್ನ ಜವಾಬ್ದಾರಿ ಅಲ್ಲೇನ್ರಿ? ಇನ್ನೊಂದು ವಾರ ದಿನಾ ಸಂಜಿ ಅಕಿ ಕಣ್ಣು ನೋಡಿಕೊಂಡ ನಾ ಮನಿಗೆ ಹೋಗಾಕಿ.”