ಮೊಣಕಾಲುದ್ದದ ಪಾಯ

ನಮ್ಮ ಅಪ್ಪನಿಗೆ ಬರುತ್ತಿದ್ದದ್ದು ಒಂದೇ ಉಪದೇಶ. ಬಂಡೆಯ ಮೇಲೆ ಮನೆ ಕಟ್ಟಿದವನದು ನಿಂತಿತು, ಮರಳಿನ ಮೇಲೆ ಕಟ್ಟಿದವನದು ಬಿತ್ತು, ಆದ್ದರಿಂದ ಬಾಳನ್ನು ಯೇಸುವಿನ ಮೇಲೆ ಕಟ್ಟಿರಿ. ಮನೆ ಪ್ರಾರ್ಥನೆ ಯಾರಲ್ಲೇ ಇರಲಿ, ಮಗುವಿಗೆ ಹೆಸರಿಡುವುದಿರಲಿ, ಯಾರೋ ಜ್ವರದಿಂದ ಎದ್ದದ್ದಿರಲಿ, ಅಪ್ಪ ಮಾತಿಗೆ ನಿಂತನೆಂದರೆ ಅದು ಸುತ್ತಿ ಸುತ್ತಿ ಬಂಡೆಗೇ ಬರುತ್ತಿತ್ತು. ಒಮ್ಮೆ ಮದುವೆಯ ಪಂಕ್ತಿಯಲ್ಲೂ ಹೇಳಿದ. ವರ ಪಾಪ, ಕೈಯಲ್ಲಿ ಲಾಡು ಹಿಡಿದುಕೊಂಡೇ ಕೇಳಿದ.

ಶಹಾಬಾದದಲ್ಲಿ ಈ ಉಪದೇಶಕ್ಕೆ ಒಂದು ಸಣ್ಣ ತೊಡಕಿತ್ತು. ಅಲ್ಲಿ ಮೊಣಕಾಲುದ್ದ ಅಗೆದರೆ ಸಾಕು, ಬಂಡೆ ಹತ್ತುತ್ತದೆ. ದೇವರನ್ನು ನೆನೆಯುವವರು, ನೆನೆಯದವರು, ಕುಡಿದು ರಸ್ತೆಯಲ್ಲಿ ಬೀಳುವವರು, ಎಲ್ಲರ ಮನೆಯೂ ಬಂಡೆಯ ಮೇಲೆಯೇ ಇತ್ತು. ಯಾರದೂ ಬಿದ್ದಿರಲಿಲ್ಲ. ಮರಳಿನ ಮೇಲೆ ಕಟ್ಟುವ ಹುಚ್ಚು ಯಾರಿಗಾದರೂ ಹಿಡಿದಿದ್ದರೆ ಕಾಗಿಣಾ ಹೊಳೆಯಿಂದ ಗಾಡಿಗಟ್ಟಲೆ ಮರಳು ತರಿಸಬೇಕಿತ್ತು. ಹಾಗಾದರೆ ನಮ್ಮ ಊರಲ್ಲಿ ಎಲ್ಲರೂ ಬುದ್ಧಿವಂತರೇನು ಎಂದು ಸಂಡೇ ಸ್ಕೂಲಿನಲ್ಲಿ ಕೇಳಿದ್ದಕ್ಕೆ ಅಪ್ಪ ನನ್ನನ್ನು ಹೊರಗೆ ಚಪ್ಪಲಿ ಕಾಯಲು ಕಳಿಸಿದ್ದ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಕೆಲವು ವರ್ಷಗಳಾದ ಮೇಲೆ ನನಗೆ ಚಿಮ್ಮನಚೋಡದ ಶಾಲೆಯಲ್ಲಿ ನೌಕರಿ ಸಿಕ್ಕಿತು. ಜೀವಮಾನವೆಲ್ಲ ಕಲ್ಲಿನ ಖಣಿಯಲ್ಲಿ ದುಡಿದ ಅಪ್ಪನಿಗೆ ಆಗಷ್ಟೇ ಕೆಲಸ ಮುಗಿದಿತ್ತು. ಅವ್ವನನ್ನು ಕರೆದುಕೊಂಡು ಅಲ್ಲಿಗೇ ಬಂದ, ಊರ ಅಂಚಿನಲ್ಲಿ ಜಾಗ ಹಿಡಿದ, ಮನೆ ಕಟ್ಟಲು ನಿಂತ. ನೆಲಕ್ಕೆ ಹಾಸುವ ಪರಸಿ ಕಲ್ಲು ಶಹಾಬಾದದಿಂದಲೇ ಲಾರಿಯಲ್ಲಿ ಬಂತು, ಬೇರೆ ಕಲ್ಲು ಅವನ ಕಣ್ಣಿಗೆ ಕಲ್ಲೇ ಅಲ್ಲ. ಪಾಯವನ್ನು ತಾನೇ ಮುಂದೆ ನಿಂತು ಅಗೆಸಿದ. ಎಷ್ಟು ಆಳ? ಮೊಣಕಾಲುದ್ದ. ಪಾಯ ಎಂದರೆ ಅವನ ಪಾಲಿಗೆ ಅಷ್ಟೇ.

ಅಲ್ಲಿ ಕೆಳಗಿದ್ದದ್ದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಗಟ್ಟಿ ನೆಲ ಸಿಗುವ ತನಕ ಇಳಿಯಬೇಕೆಂದು ಆ ಊರಿನ ಯಾರು ಬೇಕಾದರೂ ಹೇಳಬಹುದಿತ್ತು, ಆದರೆ ಯಾರೂ ಹೇಳಲಿಲ್ಲ. ಇವರು ಶಹಾಬಾದದ ಕಲ್ಲಿನ ಮಂದಿ, ಪಾಯದ ವಿಚಾರ ಇವರಿಗೆ ನಾವೇನು ಕಲಿಸುವುದು ಎಂದು ಸುಮ್ಮನಿದ್ದರಂತೆ. ಪಕ್ಕದ ಹೊಲದ ಗೌಡರು ಆಮೇಲೆ ಇದನ್ನು ನಮ್ಮೆದುರಿಗೇ ಹೇಳಿ ನಕ್ಕರು.

ಮೊದಲ ವರ್ಷ ಏನೂ ಆಗಲಿಲ್ಲ. ಮರುವರ್ಷ ಮಳೆ ಹಿಡಿದಾಗ ಬಾಗಿಲು ಹಾಕಲು ಬರದಾಯಿತು. ಕಟ್ಟಿಗೆ ಉಬ್ಬಿದೆ ಎಂದ ಅಪ್ಪ. ನೆಲದ ಪರಸಿ ವಾಲಿ, ಊಟಕ್ಕೆ ಕೂತರೆ ಬೇಳೆಸಾರು ತಾಟಿನ ಒಂದೇ ಬದಿಗೆ ಹರಿಯತೊಡಗಿತು. ತಾಟು ಸೊಟ್ಟಗಿದೆ ಎಂದ. ಕೊನೆಗೆ ಪಡಸಾಲೆಯ ಗೋಡೆ ಬೆರಳು ಹೋಗುವಷ್ಟು ಬಿರಿಯಿತು, ಮೇಲಿನಿಂದ ಕೆಳಗಿನವರೆಗೆ. ಅದಕ್ಕೆ ಯಾವ ನೆಪವೂ ಸಿಗಲಿಲ್ಲ.

ಅಪ್ಪನ ಬಾಯಿಗೆ ಬೀಗ ಬಿತ್ತು. ಊರವರು ನಮ್ಮನ್ನು ಬಂಡೆ ಮನೆಯವರು ಎಂದು ಕರೆಯತೊಡಗಿದ್ದರು, ಅದನ್ನು ನುಂಗಿಕೊಳ್ಳಬಹುದಿತ್ತು. ಆದರೆ ಅಪ್ಪ ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನೂ ಬಿಟ್ಟ. ತಾನು ಇಷ್ಟು ವರ್ಷ ಹೇಳಿದ್ದೆಲ್ಲ ಬರೀ ಬಾಯಿಮಾತೇ, ಒಳಗೆ ತನಗೂ ಗಟ್ಟಿಯಾದದ್ದು ಏನೂ ಇರಲಿಲ್ಲವೇ ಎಂದು ಅವ್ವನನ್ನು ಕೇಳಿದನಂತೆ. ನನಗೆ ನಿಜವಾಗಿ ಹೆದರಿಕೆಯಾಯಿತು. ಉಪದೇಶ ಮಾಡದ ಅಪ್ಪನನ್ನು ನಾನು ನೋಡಿಯೇ ಇರಲಿಲ್ಲ. ಕೇಳಿ ಕೇಳಿ ಬೇಸತ್ತಿದ್ದ ಆ ಬಂಡೆಯೇ ಮತ್ತೆ ಬೇಕೆನಿಸಿತು.

ಅಷ್ಟರಲ್ಲಿ ಮನೆ ಪ್ರಾರ್ಥನೆಯ ಪಾಳಿ ನಮಗೆ ಬಂತು. ಅಲ್ಲಿದ್ದ ಕೆಲವೇ ಕ್ರೈಸ್ತ ಕುಟುಂಬಗಳು ವಾರಕ್ಕೊಂದು ಮನೆಯಲ್ಲಿ ಸೇರುತ್ತಿದ್ದವು. ಆ ಮನೆಯ ಯಜಮಾನ ನಾಲ್ಕು ಮಾತು ಹೇಳಬೇಕು, ಪ್ರಾರ್ಥನೆ ಮಾಡಬೇಕು, ಆಮೇಲೆ ಎಲ್ಲರಿಗೂ ಮಂಡಕ್ಕಿಯ ಸುಸಲಾ, ಚಹಾ. ಪಾಳಿ ಮುಂದಕ್ಕೆ ಹಾಕೋಣ ಎಂದ ಅಪ್ಪ. ಅವ್ವ ಒಪ್ಪಲಿಲ್ಲ. ಬಿರುಕಿನ ಮೇಲೆ ಕ್ಯಾಲೆಂಡರನ್ನಾದರೂ ತೂಗುಹಾಕು ಎಂದು ಗೋಗರೆದ. ಅಷ್ಟುದ್ದದ ಕ್ಯಾಲೆಂಡರನ್ನು ಇನ್ನೂ ಯಾರೂ ಅಚ್ಚು ಹಾಕಿಲ್ಲ ಎಂದು ಅವ್ವ ಮಂಡಕ್ಕಿ ನೆನೆಹಾಕಲು ಹೋದಳು.

ಸಂಜೆ ಮಂದಿ ಬಂದರು. ವಾಲಿದ ನೆಲದ ಮೇಲೆ ಒಬ್ಬರಿಗೊಬ್ಬರು ಆತುಕೊಂಡು ಕೂತರು, ಮೂಲೆಯಲ್ಲಿದ್ದವರ ಮೇಲೆ ಎಲ್ಲರ ಭಾರ. ಹಾಡು ಮುಗಿಯಿತು, ಅಪ್ಪ ಎದ್ದ. ಎಲ್ಲರ ಕಣ್ಣೂ ಅವನ ಬೆನ್ನ ಹಿಂದಿನ ಬಿರುಕಿನ ಮೇಲಿತ್ತು. ಬಂಡೆ ಎಂದು ಶುರು ಮಾಡಿದವನು ಅಲ್ಲಿಗೇ ನಿಂತುಬಿಟ್ಟ. ಯಾರೋ ನಗು ತಡೆಯಲು ಕೆಮ್ಮಿದರು.

“ಮಂದಿಗಿ ಹೇಳೋದು ಭಾಳ ಹಗೂರ ಅದ,” ಎಂದ ಅಪ್ಪ. “ಈಗ ನನಗೇ ಪ್ರಾರ್ಥನಾ ಮಾಡ್ಲಿಕ್ಕಿ ಬಾಯಿ ಬರವಲ್ದು. ನನ್ನ ಸಲುವಾಗಿ ನೀವು ಯಾರರೇ ಮಾಡ್ರಿ.” ಹೇಳಿದವನೇ ಕೂತುಬಿಟ್ಟ.

ಕೆಮ್ಮು ನಿಂತಿತು. ಎಲ್ಲರ ಸಲುವಾಗಿ ಪ್ರಾರ್ಥಿಸುತ್ತಿದ್ದವನು ಅಪ್ಪ, ಅಪ್ಪನ ಸಲುವಾಗಿ ಪ್ರಾರ್ಥಿಸಿ ಯಾರಿಗೂ ರೂಢಿಯಿರಲಿಲ್ಲ. ಆಗ ಒಲೆಯ ಕಡೆಯಿಂದ ಅವ್ವನ ದನಿ ಬಂತು. ಮಂದಿಯೆದುರು ಅವಳು ಪ್ರಾರ್ಥಿಸಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅಪ್ಪ ತನ್ನ ಮಾತಿನ ನಡುವೆ ಅವಳಿಗೆ ಜಾಗ ಬಿಟ್ಟಿದ್ದರೆ ತಾನೇ. ತಲೆಯ ಮೇಲೆ ಸೆರಗು ಎಳೆದುಕೊಂಡು, ಒದ್ದೆ ಕೈಯಲ್ಲೇ ನಿಂತಿದ್ದಳು.

“ತಂದೀ, ಮತ್ತ ಮಳಿ ಬರಾಕತ್ತದ. ಇವರನ್ನ ಗಟ್ಟಿ ಹಿಡಕೋ. ಗ್ವಾಡಿ ನಾವು ನೋಡ್ಕೋತೀವಿ.”

ಅಷ್ಟೇ. ಎಲ್ಲರೂ ಆಮೆನ್ ಎಂದರು. ಅಪ್ಪ ಮಾತ್ರ ಅನ್ನಲಿಲ್ಲ. ಮಂದಿ ಮಾತಿಗೆ ಹತ್ತಿದರು, ಚಹಾ ಬಂತು, ಅವನು ತಲೆ ಬಗ್ಗಿಸಿಕೊಂಡೇ ಕೂತಿದ್ದ. ಅವ್ವ ಸುಸಲಾದ ತಾಟು ಹಿಡಿದು ಅವನ ಮುಂದೆ ಬಗ್ಗಿದಾಗ ಮುಖ ಎತ್ತಿದ. ಕಣ್ಣು ತುಂಬಿದ್ದವು. ತಾಟಿಗೆ ಕೈ ಚಾಚುವ ಮೊದಲು, ಅವಳಿಗೂ ಪಕ್ಕದಲ್ಲಿದ್ದ ನನಗೂ ಮಾತ್ರ ಕೇಳುವಷ್ಟು ಮೆಲ್ಲಗೆ, ಆಮೆನ್ ಎಂದ.